ಬೇಲಿ ಹಾಕುವಷ್ಟರಲ್ಲಿ ಮಾರುಕಟ್ಟೆ ಆಚೆ ಹೋಗಿರುತ್ತದೆ

ಪ್ರಿಯ ಗೆಳೆಯಾ,

ನಿನ್ನ ಉದ್ದನೆಯ ಪತ್ರ ತಲುಪಿತು. ದೊಡ್ಡ ಟೆಕ್ ಕಂಪನಿಗಳನ್ನು ಸರ್ಕಾರವೇ ಮುಂದೆ ನಿಂತು ಒಡೆಯಬೇಕು, ಇಲ್ಲದಿದ್ದರೆ ಹೊಸಬರಿಗೆ ಉಳಿಗಾಲವಿಲ್ಲ ಅಂತ ಬರೆದಿದ್ದೀಯ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಕಂಪನಿಗಳ ಮೇಲೆ ನನಗೂ ಪ್ರೀತಿ ಉಕ್ಕಿ ಹರಿಯುತ್ತಿಲ್ಲ. ಆದರೆ ನೀನು ಹೇಳುವ ಮದ್ದಿನ ಮೇಲೆ ನನಗೆ ಚೂರೂ ನಂಬಿಕೆ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ಒಂದು ಕಂಪನಿಗೆ ಏಕಸ್ವಾಮ್ಯ ಇದೆ ಅಂತ ಕೋರ್ಟಿನಲ್ಲಿ ತೋರಿಸಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಯಾವುದರ ಮೇಲೆ ಏಕಸ್ವಾಮ್ಯ? ಅಂದರೆ ಇದು ಇಂಥದ್ದೇ ಮಾರುಕಟ್ಟೆ ಅಂತ ಸರ್ಕಾರದ ವಕೀಲರು ಸುತ್ತಲೂ ಬೇಲಿ ಹಾಕಬೇಕು. ಬೇಲಿಯೊಳಗೆ ಇರುವವರು ಮಾತ್ರ ಪೈಪೋಟಿದಾರರು, ಹೊರಗಿರುವವರು ಲೆಕ್ಕಕ್ಕಿಲ್ಲ. ಸಿಮೆಂಟು, ಉಕ್ಕಿನ ವಿಷಯದಲ್ಲಿ ಇದು ಹೇಗೋ ನಡೆಯುತ್ತದೆ. ಹತ್ತು ವರ್ಷ ಕಳೆದರೂ ಸಿಮೆಂಟು ಸಿಮೆಂಟೇ. ಟೆಕ್ ಲೋಕದಲ್ಲಿ ಮಾತ್ರ ದೊಡ್ಡವನನ್ನು ಕೆಡವುವವನು ಯಾವಾಗಲೂ ಬೇಲಿಯ ಆಚೆಯಿಂದಲೇ ಬಂದಿದ್ದಾನೆ.

ಮೈಕ್ರೋಸಾಫ್ಟ್ ಕೇಸನ್ನೇ ನೋಡು. ನಿನ್ನ ಕಡೆಯವರು ಎದೆ ತಟ್ಟಿಕೊಂಡು ಹೇಳುವ ಗೆಲುವು ಅದು. 1998ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೇಸು ಹಾಕಿತು. ವಿಂಡೋಸ್ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನುವ ತಮ್ಮ ಬ್ರೌಸರನ್ನು ಪುಕ್ಕಟೆಯಾಗಿ ಸೇರಿಸಿ ಕೊಟ್ಟು, ಎದುರಾಳಿ ಬ್ರೌಸರ್ ನೆಟ್‌ಸ್ಕೇಪ್ ಹೊಟ್ಟೆಯ ಮೇಲೆ ಹೊಡೆದರು ಅನ್ನುವುದು ಮುಖ್ಯ ದೂರು. ಆ ಕೇಸಿನಲ್ಲಿ ಮಾರುಕಟ್ಟೆ ಅಂತ ತೀರ್ಮಾನವಾದದ್ದು ಏನು ಗೊತ್ತಾ? ಇಂಟೆಲ್ ಮಾದರಿಯ ಚಿಪ್ಪಿನ ಮೇಲೆ ಓಡುವ ಪಿಸಿಗಳ ಆಪರೇಟಿಂಗ್ ಸಿಸ್ಟಮ್. ಆಪಲ್‌ನ ಮ್ಯಾಕ್ ಬೇಲಿಯ ಹೊರಗೆ. ಕೈಯಲ್ಲಿ ಹಿಡಿಯುವ ಪುಟ್ಟ ಸಾಧನಗಳೂ ಹೊರಗೆ. ಮುಂದೆ ಮೈಕ್ರೋಸಾಫ್ಟಿನ ಪಾರುಪತ್ಯಕ್ಕೆ ಪೆಟ್ಟು ಬಿದ್ದದ್ದು ಎಲ್ಲಿಂದ ಹೇಳು? 2007ರಲ್ಲಿ ಐಫೋನ್ ಬಂತು, 2008ರಲ್ಲಿ ಆಂಡ್ರಾಯ್ಡ್ ಫೋನ್ ಬಂತು. ಜನ ಕಂಪ್ಯೂಟರ್ ಮುಂದೆ ಕೂರುವುದನ್ನೇ ಕಡಿಮೆ ಮಾಡಿದರು. ಲೆಕ್ಕಕ್ಕಿಲ್ಲ ಅಂತ ಕೋರ್ಟು ಬದಿಗಿಟ್ಟ ಕಡೆಯಿಂದಲೇ ಪೈಪೋಟಿ ಎದ್ದು ಬಂತು.

ಆ ಕೇಸು ನಡೆಯದಿದ್ದರೆ ಗೂಗಲ್ ಹುಟ್ಟುತ್ತಲೇ ಇರಲಿಲ್ಲ ಅಂತ ನೀನು ಬರೆದಿದ್ದೀಯ. ಈ ಮಾತನ್ನು ತುಂಬಾ ಜನ ಹೇಳುತ್ತಾರೆ. ಆದರೆ ಕಂಪನಿಯನ್ನು ಎರಡಾಗಿ ಒಡೆಯಬೇಕು ಅಂತ 2000ದಲ್ಲಿ ಬಂದ ಆದೇಶವನ್ನು ಮೇಲಿನ ಕೋರ್ಟು 2001ರಲ್ಲಿ ರದ್ದು ಮಾಡಿತು. ಅದಾದ ಮೇಲೆ ಎಕ್ಸ್‌ಪ್ಲೋರರ್ ಪಾಲು ಇಳಿಯಲಿಲ್ಲ. ಇನ್ನೂ ಏರಿತು. ಅದಕ್ಕೆ ಏಟು ಕೊಟ್ಟದ್ದು 2004ರಲ್ಲಿ ಬಂದ ಫೈರ್‌ಫಾಕ್ಸ್ ಬ್ರೌಸರ್, ಆಮೇಲೆ ಗೂಗಲ್‌ನ ಕ್ರೋಮ್. ಬೇರೇನೂ ಅಲ್ಲ, ಅವು ಚೆನ್ನಾಗಿದ್ದವು. ಕೇಸಿನ ಭಯಕ್ಕೆ ಮೈಕ್ರೋಸಾಫ್ಟ್ ಬಾಲ ಮುದುರಿಕೊಂಡಿತ್ತು ಅನ್ನುವ ವಾದ ಇದೆ. ಇರಬಹುದು. ಅದನ್ನು ಸುಳ್ಳು ಅಂತ ನಾನೂ ಸಾಬೀತು ಮಾಡಲಾರೆ, ನಿಜ ಅಂತ ನೀನೂ ಸಾಬೀತು ಮಾಡಲಾರೆ.

ಯುರೋಪಿನವರದ್ದು ಇನ್ನೂ ತಮಾಷೆ. ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸ್ ಮಾರಲೇಬೇಕು ಅಂತ 2004ರಲ್ಲಿ ಆದೇಶ ಮಾಡಿದರು. ಮೈಕ್ರೋಸಾಫ್ಟ್ ಮಾರಿತು, ಅದೇ ಬೆಲೆಗೆ. ಅದೇ ದುಡ್ಡಿಗೆ ಒಂದು ಸಾಮಾನು ಕಡಿಮೆ ಇರುವ ಡಬ್ಬಿಯನ್ನು ಯಾರು ಕೊಳ್ಳುತ್ತಾರೆ? ಯಾರೂ ಕೊಳ್ಳಲಿಲ್ಲ ಅಂದರೂ ನಡೆಯುತ್ತದೆ.

ಇದಕ್ಕೂ ಹಿಂದಿನದು ಕಂಪ್ಯೂಟರ್ ಕಂಪನಿ ಐಬಿಎಂ ಮೇಲಿನ ಕೇಸು. 1969ರ ಜನವರಿಯಲ್ಲಿ ಶುರು, 1982ರ ಜನವರಿಯಲ್ಲಿ ಹುರುಳಿಲ್ಲ ಅಂತ ಸರ್ಕಾರವೇ ಕೈಬಿಟ್ಟಿತು. 13 ವರ್ಷ! ಅಷ್ಟು ಹೊತ್ತಿಗೆ ಆಪಲ್ ಬಂದಿತ್ತು, ಮನೆಮನೆಗೆ ಪುಟ್ಟ ಕಂಪ್ಯೂಟರ್ ಹೋಗಲು ಶುರುವಾಗಿತ್ತು. ಇಲ್ಲಿ ನಿನಗೊಂದು ಅಂಕ ಕೊಡಬೇಕು. ಅದೇ 1969ರಲ್ಲಿ ಐಬಿಎಂ ಸಾಫ್ಟ್‌ವೇರನ್ನು ಯಂತ್ರದಿಂದ ಬೇರ್ಪಡಿಸಿ ಪ್ರತ್ಯೇಕ ಬೆಲೆಗೆ ಮಾರುತ್ತೇವೆ ಅಂದಿತು. ಸಾಫ್ಟ್‌ವೇರ್ ಒಂದು ಸ್ವಂತ ಉದ್ಯಮವಾಗಲು ಅದು ದಾರಿ ಮಾಡಿಕೊಟ್ಟಿತು. ಕೇಸಿನ ಭಯವೂ ಅದಕ್ಕೆ ಒಂದು ಕಾರಣ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಲಾಭ ಮೊದಲ ವರ್ಷವೇ ಸಿಕ್ಕಿತಲ್ವಾ? ಉಳಿದ ವರ್ಷಗಳೆಲ್ಲ ಯಾರ ಉದ್ಧಾರಕ್ಕೆ?

ಈಗ ಮೆಟಾ, ಅಂದರೆ ಹಿಂದಿನ ಫೇಸ್‌ಬುಕ್ ಕಂಪನಿಯ ಕೇಸಿಗೆ ಬರೋಣ. ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಫೇಸ್‌ಬುಕ್ 2012ರಲ್ಲಿ ನೂರು ಕೋಟಿ ಡಾಲರ್ ಕೊಟ್ಟು ಇನ್‌ಸ್ಟಾಗ್ರಾಂ ಕೊಂಡಿತು. ಆಗ ಅಲ್ಲಿ ಕೆಲಸ ಮಾಡುತ್ತಿದ್ದವರು 13 ಜನ. ಪೈಪೋಟಿಯ ಮೇಲೆ ಕಣ್ಣಿಡುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ವ್ಯವಹಾರವನ್ನು ಪರಿಶೀಲಿಸಿ ಅಡ್ಡಿ ಮಾಡದೆ ಬಿಟ್ಟಿತ್ತು. ಅದೇ ಕಮಿಷನ್ 2020ರ ಡಿಸೆಂಬರಿನಲ್ಲಿ ಎದ್ದು ಬಂದು ಇನ್‌ಸ್ಟಾಗ್ರಾಂ, ವಾಟ್ಸಾಪ್ ಎರಡನ್ನೂ ಕೊಂಡದ್ದು ತಪ್ಪು, ಬಿಡಿಸಿ ಅಂತ ಕೇಸು ಹಾಕಿತು. ಹಾಗಾದರೆ ಮಾರುಕಟ್ಟೆ ಯಾವುದು? ಗೆಳೆಯರು, ಮನೆಯವರು ತಮ್ಮೊಳಗೆ ಸುದ್ದಿ ಹಂಚಿಕೊಳ್ಳುವ ಜಾಲತಾಣಗಳು ಮಾತ್ರ. ಅಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ಜೊತೆಗೆ ಮೀವೀ ಅನ್ನುವ ಒಂದು ತಾಣ. ಮೀವೀ ಹೆಸರು ನೀನು ಕೇಳಿದ್ದೀಯಾ? ಟಿಕ್‌ಟಾಕ್ ಬೇಲಿಯ ಹೊರಗೆ. ಯೂಟ್ಯೂಬ್ ಕೂಡ ಹೊರಗೆ.

ಇದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ. ಇನ್‌ಸ್ಟಾಗ್ರಾಂ ತೆರೆದವರು ಏನು ನೋಡುತ್ತಾರೆ ಅನ್ನುವುದು ಪಕ್ಕದಲ್ಲಿ ಕೂತವರಿಗೂ ಗೊತ್ತು. ಅಪರಿಚಿತರ ವಿಡಿಯೊ. ಒಂದಾದ ಮೇಲೆ ಒಂದು. ಅಮೆರಿಕದವರು ಫೇಸ್‌ಬುಕ್‌ನಲ್ಲಿ ಕಳೆಯುವ ಹೊತ್ತಿನಲ್ಲಿ ಗೆಳೆಯರ ಪೋಸ್ಟ್ ನೋಡುವುದು ಬರೀ ಶೇ. 17, ಇನ್‌ಸ್ಟಾಗ್ರಾಂನಲ್ಲಿ ಶೇ. 7 ಅನ್ನುವ ಲೆಕ್ಕ ತೀರ್ಪಿನಲ್ಲೇ ಇದೆ. ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಒಂದು ಸರಳ ವಿಷಯ ಗಮನಿಸಿದರು. ಒಂದು ಆ್ಯಪ್ ಕೈಗೆ ಸಿಗದೇ ಹೋದಾಗ ಜನ ಎಲ್ಲಿಗೆ ಹೋಗುತ್ತಾರೆ? ಟಿಕ್‌ಟಾಕ್ ಮುಚ್ಚಿದರೆ ಇನ್‌ಸ್ಟಾಗ್ರಾಂಗೆ ಬರುತ್ತಾರೆ, ಮೆಟಾದ ಆ್ಯಪ್‌ಗಳು ಕೈಕೊಟ್ಟರೆ ಟಿಕ್‌ಟಾಕ್‌ಗೆ, ಯೂಟ್ಯೂಬ್‌ಗೆ ಹೋಗುತ್ತಾರೆ. ಒಂದಿಲ್ಲದಿದ್ದರೆ ಇನ್ನೊಂದು ಸಾಕು ಅಂತ ಬಳಸುವವರೇ ತೋರಿಸಿಕೊಟ್ಟಿದ್ದಾರೆ. ಕೊನೆಗೆ 2025ರ ನವೆಂಬರಿನಲ್ಲಿ ಮೆಟಾ ಗೆದ್ದಿತು. ಸುಮಾರು ಐದು ವರ್ಷ ಓಡಿದ ಕೇಸು ಬಿದ್ದದ್ದು ಬೇಲಿಯ ಮೇಲೆಯೇ.

ಗೂಗಲ್ ಕೇಸಿನಲ್ಲಿ ಸರ್ಕಾರ ಗೆದ್ದಿದೆಯಲ್ಲ ಅಂತ ನೀನು ಕೇಳುತ್ತೀಯ. ಹೌದು, ಗೆದ್ದಿದೆ. ಹುಡುಕಾಟದಲ್ಲಿ ತನ್ನ ಏಕಸ್ವಾಮ್ಯ ಉಳಿಸಿಕೊಳ್ಳಲು ಗೂಗಲ್ ಕಾನೂನು ಮೀರಿತು ಅಂತ 2024ರ ಆಗಸ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಹೇಳಿದರು. ತನ್ನನ್ನೇ ಡಿಫಾಲ್ಟ್, ಅಂದರೆ ಬಳಸುವವರು ಆರಿಸದಿದ್ದರೂ ತಾನಾಗಿ ಬರುವ ಸರ್ಚ್ ಎಂಜಿನ್ ಮಾಡಲು ಗೂಗಲ್ 2021ರಲ್ಲಿ ಆಪಲ್ ಮುಂತಾದವರಿಗೆ ಕೊಟ್ಟ ಹಣ 2,600 ಕೋಟಿ ಡಾಲರ್‌ಗೂ ಜಾಸ್ತಿ. ಒಪ್ಪುತ್ತೇನೆ, ಕೇಳಿದರೆ ಕಣ್ಣು ಕುಕ್ಕುವ ಮೊತ್ತ. ಆದರೆ ಶಿಕ್ಷೆ ಏನು ಅನ್ನುವ ಹೊತ್ತಿಗೆ ನೋಡು. ಈ ಹಣ ಕೊಡುವುದನ್ನೇ ನಿಲ್ಲಿಸಿ ಅಂತ ಸರ್ಕಾರ ಕೇಳಿತು. ಆಗ ಹೌಹಾರಿದ್ದು ಯಾರು? ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ. ಅವರ ಆದಾಯದ ಬಹುಪಾಲು ಬರುವುದೇ ಗೂಗಲ್ ಕೊಡುವ ಆ ಹಣದಿಂದ. ಅದು ನಿಂತರೆ ಫೈರ್‌ಫಾಕ್ಸ್ ಉಳಿಯುವುದೇ ಕಷ್ಟ ಅಂತ ಅವರ ಹಣಕಾಸು ಮುಖ್ಯಸ್ಥರೇ ಬಂದು ಸಾಕ್ಷಿ ಹೇಳಿದರು. ಅಂದರೆ ಕ್ರೋಮ್‌ಗೆ ಎದುರಾಳಿಯಾಗಿ ಉಳಿದಿರುವ ಕೆಲವೇ ಬ್ರೌಸರ್‌ಗಳಲ್ಲಿ ಒಂದನ್ನು, ಪೈಪೋಟಿ ಉಳಿಸುವ ಹೆಸರಿನಲ್ಲಿ, ಮುಗಿಸಿಬಿಡುವುದರಲ್ಲಿದ್ದರು.

2025ರ ಸೆಪ್ಟೆಂಬರಿನಲ್ಲಿ ಆದೇಶ ಬಂತು. ಕ್ರೋಮ್ ಮಾರಬೇಕಿಲ್ಲ, ಹಣ ಕೊಡಬಹುದು, ಬೇರೆಯವರನ್ನು ಹೊರಗಿಡುವ ಒಪ್ಪಂದ ಮಾತ್ರ ಕೂಡದು, ಒಂದಷ್ಟು ಮಾಹಿತಿ ಎದುರಾಳಿಗಳಿಗೆ ಕೊಡಬೇಕು. ನ್ಯಾಯಾಧೀಶರು ಅಷ್ಟಕ್ಕೇ ನಿಲ್ಲಲು ದೊಡ್ಡ ಕಾರಣ ಕೃತಕ ಬುದ್ಧಿಮತ್ತೆ. 2020ರಲ್ಲಿ ಕೇಸು ಹಾಕಿದಾಗ ಚಾಟ್‌ಜಿಪಿಟಿ ಅನ್ನುವ ಹೆಸರೇ ಇರಲಿಲ್ಲ. ಅದು ಬಂದದ್ದು 2022ರ ನವೆಂಬರಿನಲ್ಲಿ. ಗೂಗಲ್ ಮೇಜಿನ ಕೆಳಗೆ ನಿಜವಾಗಿ ಬೆಂಕಿ ಹಚ್ಚಿದ್ದು ಅದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಈ ಕೇಸುಗಳೆಲ್ಲ ಹಾಗೇ.

ತಡವಾದರೆ ಆಯಿತು, ನಷ್ಟವೇನಿಲ್ಲವಲ್ಲ ಅನ್ನಬೇಡ. ನಷ್ಟ ಇದೆ. ರೂಂಬಾ ಅನ್ನುವ ಕಸ ಗುಡಿಸುವ ಯಂತ್ರ ಮಾಡುತ್ತಿದ್ದ ಐರೋಬೋಟ್ ಕಂಪನಿಯನ್ನು ಕೊಳ್ಳಲು ಅಮೆಜಾನ್ 2022ರಲ್ಲಿ ಮುಂದೆ ಬಂತು. ಯುರೋಪಿನ ಅಧಿಕಾರಿಗಳು ಒಪ್ಪುವ ಲಕ್ಷಣ ಕಾಣದೆ 2024ರ ಜನವರಿಯಲ್ಲಿ ಮಾತುಕತೆ ಮುರಿದುಬಿತ್ತು. ಅದೇ ದಿನ ಐರೋಬೋಟ್ ಶೇ. 31ರಷ್ಟು ನೌಕರರನ್ನು ತೆಗೆಯುವುದಾಗಿ ಹೇಳಿತು. 2025ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ, ತನಗೆ ಯಂತ್ರ ತಯಾರಿಸಿ ಕೊಡುತ್ತಿದ್ದ ಚೀನಾದ ಕಂಪನಿಯ ಕೈಗೇ ಹೋಗುವುದಾಗಿ ಹೇಳಿತು. ಅಮೆಜಾನ್ ಕೊಂಡಿದ್ದರೂ ಅದು ಉಳಿಯುತ್ತಿತ್ತೋ ಇಲ್ಲವೋ, ಯಾರಿಗೂ ತಿಳಿಯದು. ಆದರೆ ತಡೆದವರಿಂದ ಪೈಪೋಟಿ ಒಂದಿಷ್ಟೂ ಹೆಚ್ಚಲಿಲ್ಲ. ಇನ್ನೊಂದು ವಿಷಯ. ಸಣ್ಣ ಕಂಪನಿಗೆ ದುಡ್ಡು ಹಾಕುವವರು ಒಂದು ದಿನ ದೊಡ್ಡವರು ಇದನ್ನು ಕೊಳ್ಳಬಹುದು ಅನ್ನುವ ಆಸೆಯನ್ನೂ ಇಟ್ಟುಕೊಂಡೇ ಹಾಕುತ್ತಾರೆ. ಆ ಬಾಗಿಲು ಮುಚ್ಚಿದರೆ ಮೊದಲು ಬಡವಾಗುವುದು ನೀನು ಕಾಪಾಡಲು ಹೊರಟ ಹೊಸಬನೇ.

ಹಾಗಂತ ಕಂಪನಿಗಳು ಏನು ಮಾಡಿದರೂ ಸರಿ ಅಂತಲ್ಲ. ಆಪಲ್, ಗೂಗಲ್, ಇಂಟೆಲ್, ಅಡೋಬಿ ಎಲ್ಲ ಸೇರಿಕೊಂಡು ನಿನ್ನ ಎಂಜಿನಿಯರುಗಳನ್ನು ನಾನು ಸೆಳೆಯುವುದಿಲ್ಲ, ನನ್ನವರನ್ನು ನೀನು ಸೆಳೆಯಬೇಡ ಅಂತ ಒಳಗೊಳಗೇ ಮಾತಾಡಿಕೊಂಡಿದ್ದವು. 2010ರಲ್ಲಿ ನ್ಯಾಯ ಇಲಾಖೆ ಅದನ್ನು ಹಿಡಿಯಿತು. ನೌಕರರು ಹಾಕಿದ ಕೇಸಿನಲ್ಲಿ ಈ ನಾಲ್ಕು ಕಂಪನಿಗಳು 41.5 ಕೋಟಿ ಡಾಲರ್ ಕೊಡಬೇಕಾಯಿತು. ಇದು ಪೈಪೋಟಿಯಲ್ಲಿ ಗೆದ್ದದ್ದಲ್ಲ, ಪೈಪೋಟಿಯೇ ಬೇಡ ಅಂತ ಕೈಕೈ ಕುಲುಕಿದ್ದು. ಅಂಥದ್ದನ್ನು ಹಿಡಿದು ಹಾಕಲಿ, ನಾನೇ ಚಪ್ಪಾಳೆ ತಟ್ಟುತ್ತೇನೆ. ಅಲ್ಲಿ ಬೇಲಿಯ ಪ್ರಶ್ನೆಯೇ ಏಳುವುದಿಲ್ಲ. ಯಾರು ಯಾರ ಜೊತೆ ಏನು ಮಾತಾಡಿಕೊಂಡರು ಅನ್ನುವುದಷ್ಟೇ ಸಾಕು.

ನಿನ್ನ ಪತ್ರದಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಆಪಲ್ ಆ್ಯಪ್ ಸ್ಟೋರ್ ಬಗ್ಗೆ ನೀನು ಬರೆದ ಭಾಗ. ಐಫೋನ್‌ಗೆ ಆ್ಯಪ್ ಮಾಡಿದವನು ದುಡಿದದ್ದರಲ್ಲಿ ಶೇ. 30ರವರೆಗೆ ಕೊಡಬೇಕು, ಹೊರಗೆ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಗಿರಾಕಿಗೆ ಹೇಳಲೂ ಬಿಡುತ್ತಿರಲಿಲ್ಲ. ಎಪಿಕ್ ಗೇಮ್ಸ್ ಹಾಕಿದ ಕೇಸಿನಲ್ಲಿ 2021ರಲ್ಲಿ ಕೋರ್ಟು ಆಪಲ್‌ಗೆ ಏಕಸ್ವಾಮ್ಯ ಇದೆ ಅಂತ ಎಪಿಕ್ ತೋರಿಸಿಕೊಟ್ಟಿಲ್ಲ ಅಂದಿತು. ಆದರೆ ಗಿರಾಕಿಯಿಂದ ಬೆಲೆ ಮುಚ್ಚಿಡುವ ಆ ನಿಯಮ ಮಾತ್ರ ನಡೆಯದು ಅಂತ ಕ್ಯಾಲಿಫೋರ್ನಿಯಾದ ಬೇರೊಂದು ಕಾನೂನಿನಡಿ ತಡೆಯಿತು. ಯಾರನ್ನೂ ಒಡೆಯಲಿಲ್ಲ, ಬೆಲೆ ನಿಗದಿ ಮಾಡಲಿಲ್ಲ, ಗಿರಾಕಿಗೆ ಸುದ್ದಿ ತಲುಪಲಿ ಅಂದಿತು, ಅಷ್ಟೇ. ನನಗೆ ಇದು ಹಿಡಿಸಿತು. ನಿನಗೆ ಇದು ಸಾಲುವುದಿಲ್ಲ ಅಂತ ಗೊತ್ತು. ಯಾಕೆ ಸಾಲುವುದಿಲ್ಲ ಅಂತ ಬರೆ. ಮೀವೀ ಬಗ್ಗೆಯೂ ಒಂದು ಸಾಲು ಇರಲಿ.

ಇಂತಿ ನಿನ್ನ ಗೆಳೆಯ