ನೋವಿನ ಮದ್ದು ಬದಲಿಸುವಾಗ ಲೆಕ್ಕವನ್ನೂ ಬರೆದುಕೊಡಿ

ಮಾನ್ಯ ಸಂಪಾದಕರೆ,

ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸುಲಭವಾಗಿ ಸಿಗುತ್ತಿಲ್ಲ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದು ಬರಲೇಬೇಕಾದ ಮಾತು. ಆದರೆ ಸಿಕ್ಕ ಮದ್ದನ್ನು ಬಿಟ್ಟು ಮತ್ತೊಂದಕ್ಕೆ, ಮಾತ್ರೆಯಿಂದ ಚರ್ಮಕ್ಕೆ ಅಂಟಿಸುವ ಮದ್ದಿನ ಪಟ್ಟಿಯಾದ ಪ್ಯಾಚ್‌ಗೆ ಅಥವಾ ಇಂಜೆಕ್ಷನ್‌ನಿಂದ ಮಾತ್ರೆಗೆ ರೋಗಿಯನ್ನು ಬದಲಾಯಿಸುವ ಎರಡು ಮೂರು ದಿನಗಳಲ್ಲಿ ಏನಾಗಬಹುದು ಎಂಬುದರ ಬಗ್ಗೆ ಬರೆದವರು ಕಡಿಮೆ. ಸರ್ಕಾರಿ ಆಸ್ಪತ್ರೆಗಳ ಔಷಧ ವಿಭಾಗದಲ್ಲಿ ಬಹುಕಾಲ ದುಡಿದವನಾಗಿ, ಅದಕ್ಕಿಂತ ಹೆಚ್ಚಾಗಿ ಒಬ್ಬ ರೋಗಿಯ ತಮ್ಮನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ, ಅಂದರೆ ದಿನಕ್ಕೆ 60 ಮಿಲಿಗ್ರಾಂ, ಅವಳಿಗೆ ಒಗ್ಗಿತ್ತು. ವಾಂತಿ ಹೆಚ್ಚಿ ಮಾತ್ರೆ ನಿಲ್ಲದಂತಾದಾಗ ಆಸ್ಪತ್ರೆಯವರು ಗಂಟೆಗೆ 25 ಮೈಕ್ರೋಗ್ರಾಂ ಬಿಡುಗಡೆ ಮಾಡುವ ಫೆಂಟನಿಲ್ (ಮಾರ್ಫಿನ್ ವರ್ಗದ್ದೇ ಆದ ಇನ್ನೊಂದು ನೋವುನಿವಾರಕ) ಪ್ಯಾಚ್ ಅಂಟಿಸಿ ಮನೆಗೆ ಕಳಿಸಿದರು. ಆ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಪ್ಯಾಚ್‌ನ ಕೆಳಗೆ ‘ಉಳಿದ ಮಾತ್ರೆಗಳು ಮೊದಲಿನಂತೆ’ ಎಂದಿತ್ತು. ಅಷ್ಟರಲ್ಲಿ ವಾಂತಿಯೂ ಹತೋಟಿಗೆ ಬಂದಿದ್ದರಿಂದ ಮನೆಯವರು ಮಾರ್ಫಿನ್ ಮಾತ್ರೆಯನ್ನೂ ಮೊದಲಿನಂತೆಯೇ ಕೊಟ್ಟರು. ಬೆನ್ನು ನೋವೆಂದಾಗ ಪ್ರೀತಿಯಿಂದ ಬಿಸಿನೀರಿನ ಚೀಲವನ್ನೂ ಇಟ್ಟರು. ಪ್ಯಾಚ್ ಇದ್ದದ್ದು ಬೆನ್ನಿನ ಮೇಲ್ಭಾಗದಲ್ಲೇ. ಮೂರನೆಯ ದಿನ ಬೆಳಿಗ್ಗೆ ಅಲುಗಾಡಿಸಿದರೂ ಅವಳು ಏಳಲಿಲ್ಲ. ಉಸಿರು ನಿಮಿಷಕ್ಕೆ ಏಳೆಂಟಕ್ಕೆ ಇಳಿದಿತ್ತು, ಕಣ್ಣಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು. ಹತ್ತಿರದ ಆಸ್ಪತ್ರೆಯ ಯುವ ವೈದ್ಯೆಯೊಬ್ಬರು ಮೈಯೆಲ್ಲ ನೋಡಿ ಪ್ಯಾಚ್ ಕಿತ್ತು, ಈ ಮದ್ದುಗಳ ಪರಿಣಾಮವನ್ನು ತಡೆಯುವ ನಾಲಾಕ್ಸೋನ್ ಕೊಟ್ಟು, ಮರುದಿನದವರೆಗೆ ಪಕ್ಕದಿಂದ ಕದಲದೆ ಅವಳನ್ನು ಉಳಿಸಿಕೊಂಡರು.

ಆ ಕಾವಲು ಏಕೆ ಬೇಕಿತ್ತು ಎಂಬುದು ಮುಖ್ಯ. ನಾಲಾಕ್ಸೋನ್ ಪರಿಣಾಮ ಒಂದು ಗಂಟೆಯ ಆಸುಪಾಸಿನಲ್ಲೇ ತಗ್ಗುತ್ತದೆ. ಪ್ಯಾಚ್ ಕಿತ್ತ ಮೇಲೂ ಚರ್ಮದಡಿ ಸಂಗ್ರಹವಾದ ಫೆಂಟನಿಲ್ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಬರಲು 17 ಗಂಟೆ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹಾಗೆಯೇ ಹೊಸ ಪ್ಯಾಚ್ ನೋವಿಗೆ ನಾಟಲು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಬೇಕು. ಆದ್ದರಿಂದಲೇ ಪ್ಯಾಚ್ ಅಂಟಿಸಿದ ಮೊದಲ ಹನ್ನೆರಡು ಗಂಟೆ ಹಳೆಯ ಮಾತ್ರೆಯನ್ನು ಮುಂದುವರಿಸಿ, ಆಮೇಲೆ ನಿಲ್ಲಿಸುವುದು ರೂಢಿ. ಅಕ್ಕನ ಚೀಟಿಯಲ್ಲಿ ಈ ‘ನಿಲ್ಲಿಸುವುದು’ ಎಂಬ ಒಂದು ಪದ ಇರಲಿಲ್ಲ. ಜ್ವರ, ಬಿಸಿ ಕಾವು, ಬಿಸಿಲು ಇವೆಲ್ಲ ಪ್ಯಾಚ್‌ನಿಂದ ಮದ್ದು ಬೇಗ ಇಳಿಯುವಂತೆ ಮಾಡುತ್ತವೆ ಎಂದೂ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಅಫೀಮಿನ ವರ್ಗದ (ಓಪಿಯಾಯ್ಡ್) ಈ ನೋವುನಿವಾರಕಗಳಲ್ಲಿ ಒಂದರ ಮಿಲಿಗ್ರಾಂ ಇನ್ನೊಂದರ ಮಿಲಿಗ್ರಾಂಗೆ ಸಮವಲ್ಲ. ಬಾಯಿಯಿಂದ ಕೊಡುವ 30 ಮಿಲಿಗ್ರಾಂ ಮಾರ್ಫಿನ್ ಸ್ಥೂಲವಾಗಿ 10 ಮಿಲಿಗ್ರಾಂ ಇಂಜೆಕ್ಷನ್‌ಗೆ ಸಮ. ಆಸ್ಪತ್ರೆಯಲ್ಲಿದ್ದ ಇಂಜೆಕ್ಷನ್‌ನ ಸಂಖ್ಯೆಯನ್ನೇ ಮಾತ್ರೆಗೂ ಬರೆದರೆ ರೋಗಿಗೆ ದೊರಕುವುದು ಮೂರನೇ ಒಂದು ಪಾಲು. ಆ ರಾತ್ರಿ ನೋವು ಮರಳಿದಾಗ ಮನೆಯವರು ಮಾರ್ಫಿನ್ ಕೂಡ ಕೆಲಸ ಮಾಡಲಿಲ್ಲ ಎಂದು ಕಂಗೆಡುತ್ತಾರೆ. ಇದೇ ವರ್ಗದ ಸೌಮ್ಯ ಮದ್ದಾದ ಟ್ರಮಡಾಲ್‌ನ 100 ಮಿಲಿಗ್ರಾಂ ಮಾರ್ಫಿನ್ ಮಾತ್ರೆಯ ಸುಮಾರು 10 ಮಿಲಿಗ್ರಾಂಗೆ ಹತ್ತಿರ. ದಿನಕ್ಕೆ 200 ಮಿಲಿಗ್ರಾಂ ಟ್ರಮಡಾಲ್ ತೆಗೆದುಕೊಳ್ಳುತ್ತಿದ್ದವರಿಗೆ ನೇರವಾಗಿ 25ರ ಪ್ಯಾಚ್ ಅಂಟಿಸಿದರೆ ಡೋಸ್ ಮೂರು ಪಟ್ಟಿಗೆ ಏರಿದಂತೆ, ಏಕೆಂದರೆ ಆ ಪ್ಯಾಚ್ ಕನಿಷ್ಠ 60 ಮಿಲಿಗ್ರಾಂ ಮಾರ್ಫಿನ್ ಮಾತ್ರೆಗೆ ಸಾಟಿ. ‘ಬರೀ ಪಟ್ಟಿ ತಾನೇ’ ಎಂಬ ಭಾವನೆ ರೋಗಿಗಳಲ್ಲಿ ಮಾತ್ರ ಇರುವುದಲ್ಲ ಎಂಬುದನ್ನು ನೋವಿನಿಂದಲೇ ಹೇಳುತ್ತೇನೆ.

ಪರಿವರ್ತನೆಯ ಕೋಷ್ಟಕ ನೋಡಿ ಬರೆದರೂ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಮದ್ದಿಗೆ ಪಳಗಿದ ದೇಹ ಇನ್ನೊಂದಕ್ಕೆ ಅಷ್ಟೇ ಪಳಗಿರುವುದಿಲ್ಲವಾದ್ದರಿಂದ, ಲೆಕ್ಕದಲ್ಲಿ ಬಂದ ಡೋಸ್‌ನಿಂದ ಸಾಮಾನ್ಯವಾಗಿ ಕಾಲು ಭಾಗದಿಂದ ಅರ್ಧದವರೆಗೆ ಕಡಿತ ಮಾಡಿ ಶುರು ಮಾಡಬೇಕು. ವಯಸ್ಸಾದವರಿಗೆ, ಕೃಶರಾದವರಿಗೆ ಕಡಿತ ಇನ್ನೂ ಹೆಚ್ಚಿರಬೇಕು, ಮಧ್ಯೆ ನೋವು ಒತ್ತರಿಸಿದರೆ ಕೊಡಲು ಸಣ್ಣದೊಂದು ಹೆಚ್ಚುವರಿ ಡೋಸ್ ಬರೆದಿರಬೇಕು. ಪ್ಯಾಚ್‌ನ ಪೊಟ್ಟಣದ ಜೊತೆ ಬರುವ ಕೋಷ್ಟಕ ಬೇರೆ ಮದ್ದಿನಿಂದ ಪ್ಯಾಚ್‌ಗೆ ಹೋಗುವಾಗ ಬಳಸಲು ಮಾತ್ರ. ಅದನ್ನೇ ತಿರುಗಿಸಿ ಓದಿ ಪ್ಯಾಚ್‌ನಿಂದ ಮಾರ್ಫಿನ್‌ಗೆ ಬಂದರೆ ಡೋಸ್ ಮಿತಿಮೀರಬಹುದು. ಇದೇ ವರ್ಗದ ಮೆಥಡೋನ್ ಅಂತೂ ಯಾವ ಸ್ಥಿರ ಅನುಪಾತಕ್ಕೂ ಸಿಗದ, ದಿನಗಟ್ಟಲೆ ಮೈಯಲ್ಲಿ ಕೂಡುತ್ತ ಹೋಗುವ ಮದ್ದು. ಅದರಲ್ಲಿ ತರಬೇತಿ ಪಡೆದವರಷ್ಟೇ ಅದನ್ನು ಮುಟ್ಟಬೇಕು.

ಹಾಗೆಂದು ಮದ್ದು ಬದಲಿಸುವುದನ್ನೇ ತಪ್ಪಿಸಲಾಗದು. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನ ಉಳಿಕೆಗಳು ಶೇಖರವಾಗಿ ಮಂಪರು, ಕೈಕಾಲು ಜಗ್ಗುವಿಕೆ ತರುತ್ತವೆ. ಅವರಿಗೆ ಫೆಂಟನಿಲ್ ಹೆಚ್ಚು ಸುರಕ್ಷಿತ. ನನಗೆ ಸಂಕಟ ತರುವುದು ಬೇಡದ ಬದಲಾವಣೆಗಳು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆಯಿಂದ ಆಸ್ಪತ್ರೆಯೊಂದು ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಅಗತ್ಯ ಔಷಧಗಳನ್ನು ಇರಿಸಿಕೊಳ್ಳಬಹುದು. ಆದರೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕಡೆ ಮಾರ್ಫಿನ್ ಶುರುವಾದ ರೋಗಿ ಊರಿಗೆ ಮರಳಿದ ಮೇಲೆ ತಾಲ್ಲೂಕಿನಲ್ಲಿ ಅದು ಸಿಗದಿದ್ದರೆ, ಅಲ್ಲಿ ಇದ್ದದ್ದನ್ನು ಅಂದಾಜಿನಲ್ಲಿ ಬರೆಯುವ ಪರಿಸ್ಥಿತಿ ಬರುತ್ತದೆ. ತಾಲ್ಲೂಕು ಆಸ್ಪತ್ರೆಗಳೂ ಈ ಮಾನ್ಯತೆ ಪಡೆದರೆ ಅಂತಹ ಬದಲಾವಣೆಗಳೇ ಕಡಿಮೆಯಾಗುತ್ತವೆ.

ಅಕ್ಕ ಮುಂದೆ ನಾಲ್ಕು ತಿಂಗಳು ಪ್ಯಾಚ್ ಒಂದರಲ್ಲೇ ಹೆಚ್ಚು ನರಳದೆ ಬದುಕಿದಳು. ಹಾಗಾಗಿ ಈ ಪತ್ರ ಓದಿ ಯಾರೂ ತಾವಾಗಿಯೇ ಮದ್ದು ನಿಲ್ಲಿಸಬಾರದು ಎಂದು ಕೈಮುಗಿದು ಕೇಳುತ್ತೇನೆ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟು: ಓಪಿಯಾಯ್ಡ್ ಬದಲಿಸಿ ಕಳಿಸುವ ಪ್ರತಿ ರೋಗಿಯ ಕೈಗೂ ಕನ್ನಡದಲ್ಲಿ ಒಂದು ಹಾಳೆ ಕೊಡುವುದನ್ನು ಕಡ್ಡಾಯ ಮಾಡಲಿ. ಹಳೆಯ ಮದ್ದಿನ ಕೊನೆಯ ಡೋಸ್ ಎಷ್ಟು ಗಂಟೆಗೆ, ಹೊಸದರ ಮೊದಲ ಡೋಸ್ ಎಷ್ಟು ಗಂಟೆಗೆ, ಯಾವ ಲೆಕ್ಕದ ಮೇಲೆ ಎಷ್ಟು ಕಡಿತ ಮಾಡಲಾಗಿದೆ, ಎಬ್ಬಿಸಲಾಗದ ಮಂಪರು ಕಂಡರೆ ಎಲ್ಲಿಗೆ ಓಡಬೇಕು ಎಂಬುದೆಲ್ಲ ಅದರಲ್ಲಿರಲಿ. ಮೊದಲ ಮೂರು ದಿನ ಆಸ್ಪತ್ರೆಯ ಶುಶ್ರೂಷಕಿಯೊಬ್ಬರು ದಿನಕ್ಕೊಮ್ಮೆ ಮನೆಗೆ ಫೋನ್ ಮಾಡಿ ಉಸಿರು ಎಣಿಸಲು ಹೇಳಲಿ. ರಾತ್ರಿ ಎರಡು ಗಂಟೆಗೂ ಯಾರಾದರೂ ಎತ್ತುವಂತಹ ಒಂದು ದೂರವಾಣಿ ಸಂಖ್ಯೆ ಆ ಹಾಳೆಯ ತಲೆಬರಹದಲ್ಲೇ ದಪ್ಪ ಅಕ್ಷರದಲ್ಲಿರಲಿ.

– ನಿವೃತ್ತ ಫಾರ್ಮಸಿ ಅಧಿಕಾರಿ, ದಾವಣಗೆರೆ