ಎಂಜಿನ್ ತಣ್ಣಗಿದೆಯಾ, ಮೊದಲು ಮುಟ್ಟಿ ನೋಡು

ಪುಟ್ಟಿ,

ನೀನು ಕಳಿಸಿದ, ನಾಲ್ಕು ಚಕ್ರದ ಸೆಕೆಂಡ್ ಹ್ಯಾಂಡ್ ಕ್ವಾಡ್ ಬೈಕ್‌ಗಳ ಮೂರೂ ಫೋಟೋ ನೋಡಿದೆ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಸರಿ ಅಮ್ಮ, ಸರಿ ಅಮ್ಮ" ಅಂತ ಹೇಳಿ ಮರೆತುಬಿಡುತ್ತೀಯ. ಬರೆದಿದ್ದಾದರೆ ಗಾಡಿ ಪಕ್ಕ ನಿಂತುಕೊಂಡು ತೆಗೆದು ಓದಬಹುದು. ಏಳನೇ ಕ್ಲಾಸಿನವರೆಗೆ ನಿನ್ನನ್ನು ಮೈಸೂರಿನಲ್ಲಿ ಓದಿಸಿದ್ದು ಈಗ ಉಪಯೋಗಕ್ಕೆ ಬಂತು. ಮಾರುವವನ ಎದುರಿಗೇ ಓದಿಕೊಂಡರೂ ಅವನಿಗೆ ಒಂದಕ್ಷರ ತಿಳಿಯುವುದಿಲ್ಲ.

ಅಕ್ಟೋಬರ್‌ನಲ್ಲಿ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್‌ಗೆ ಹೋಗುತ್ತೇನೆ, ಬಾಡಿಗೆ ಗಾಡಿ ಬೇಡ, ಸ್ವಂತದ್ದೇ ಕ್ವಾಡ್ ತಗೊಳ್ಳುತ್ತೇನೆ ಅಂದೆಯಲ್ಲ, ಆಗ ನನಗೆ ಖುಷಿಯೂ ಆಯಿತು, ಭಯವೂ ಆಯಿತು. ವೆಸ್ಟ್ ವರ್ಜೀನಿಯಾದ ಆ ಕಲ್ಲಿದ್ದಲಿನ ಗುಡ್ಡಗಳಲ್ಲಿ 2000ನೇ ಇಸವಿಯಲ್ಲಿ ಶುರುವಾದ, ಕ್ವಾಡ್ ಓಡಿಸುವ ಆ ಕಾಡುದಾರಿ ಈಗ ಸಾವಿರ ಮೈಲಿ ದಾಟಿದೆ. ನಾನೂ ನಿಮ್ಮಪ್ಪನೂ ಎಷ್ಟೋ ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದೇವೆ. ಅದಕ್ಕೇ ನಿನ್ನ ಮೂರು ಫೋಟೋಗಳಲ್ಲಿ ಎರಡನ್ನು ನಾನು ನೋಡಿದ ತಕ್ಷಣ ಬೇಡ ಅಂದಿದ್ದು.

ಆ ನೀಲಿ ಬಣ್ಣದ ಯಮಹಾ ರ‍್ಯಾಪ್ಟರ್ 700 ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಓಡಿಸಲು ಬರುವವರ ಗಾಡಿ. ಹೆಬ್ಬೆರಳು ಸ್ವಲ್ಪ ಜಾಸ್ತಿ ಒತ್ತಿದರೆ ಮುಂದಿನ ಚಕ್ರ ಎದ್ದು ನಿಲ್ಲುತ್ತದೆ. ಕ್ವಾಡ್‌ನಲ್ಲಿ ಆಕ್ಸಿಲರೇಟರ್ ಸ್ಕೂಟರ್ ತರಹ ತಿರುಗಿಸುವುದಲ್ಲ, ಹೆಬ್ಬೆರಳಿನಿಂದ ಒತ್ತುವುದು. ಗುಂಡಿಗೆ ಬಿದ್ದಾಗ ಮೈ ಕುಲುಕುತ್ತದೆ, ಬೆರಳು ತಾನಾಗಿಯೇ ಒತ್ತಿಬಿಡುತ್ತದೆ. ಹೊಸಬರಿಗೆ ಅದೇ ಅಪಾಯ. ಇನ್ನೊಂದು, ಆ ಪೊಲಾರಿಸ್ ಸ್ಪೋರ್ಟ್ಸ್‌ಮನ್ 850. ಅದು ಒಳ್ಳೆಯ ಗಾಡಿಯೇ, ಕೆಸರಿನಲ್ಲಿ ನಾಲ್ಕೂ ಚಕ್ರ ಎಳೆಯುತ್ತದೆ. ಆದರೆ ಮುನ್ನೂರು ಕೆಜಿಗೂ ಜಾಸ್ತಿ ತೂಕ. ನೀನು ನನ್ನಷ್ಟೇ ಎತ್ತರ, ನನಗಿಂತ ಸಣ್ಣ. ಕಲ್ಲಿನ ಮೇಲೆ ಓರೆಯಾಗಿ ನಿಂತಾಗ ಆ ತೂಕವನ್ನು ನೀನು ಹಿಡಿದುಕೊಳ್ಳಲಾರೆ.

ಮೂರನೆಯದು ಆ ಮಂಕು ಕೆಂಪಿನ ಹೋಂಡಾ ರೀಕಾನ್. ಅದರ ಫೋಟೋವನ್ನು ನೀನು ಕೊನೆಗೆ ಹಾಕಿದ್ದೀಯ, ಮನಸ್ಸಿಲ್ಲದೆ ಹಾಕಿದ ಹಾಗಿದೆ. ನನಗೆ ಇಷ್ಟವಾಗಿದ್ದು ಅದೇ. ಹೆಸರಿಗೆ 250, ಎಂಜಿನ್ 229 ಸಿಸಿ. ಇನ್ನೂರು ಕೆಜಿ ಹತ್ತಿರ ತೂಗುತ್ತದೆ. ಕ್ಲಚ್ ಲಿವರ್ ಇಲ್ಲ, ಕಾಲಿನಲ್ಲಿ ಗೇರ್. ಚಕ್ರ ತಿರುಗಿಸುವುದಕ್ಕೆ ಚೈನ್ ಇಲ್ಲ, ಶಾಫ್ಟ್ ಅನ್ನುವ ಸರಳು. ರೇಡಿಯೇಟರ್ ಕೂಡ ಇಲ್ಲ, ಗಾಳಿಗೇ ಎಂಜಿನ್ ತಣ್ಣಗಾಗುತ್ತದೆ. ಕೆಡುವುದಕ್ಕೆ ಅದರಲ್ಲಿ ಸಾಮಾನೇ ಕಡಿಮೆ. ಹಿಂದಿನ ಎರಡು ಚಕ್ರ ಮಾತ್ರ ಎಳೆಯುವುದರಿಂದ ಆಳದ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅದು ನಿಜ. ಆದರೆ ನೀನು ಮೊದಲ ವರ್ಷ ಹೋಗಬೇಕಾದದ್ದು ಹಸಿರು ಗುರುತಿನ ದಾರಿಗಳಿಗೆ. ಅಲ್ಲಿ ಹಸಿರು ಸುಲಭ, ನೀಲಿ ಅದಕ್ಕಿಂತ ಕಷ್ಟ, ಕಪ್ಪು ತುಂಬಾ ಕಷ್ಟ. ಹಸಿರಿಗೆ ರೀಕಾನ್ ಧಾರಾಳವಾಗಿ ಸಾಕು.

ಹೋದ ತಕ್ಷಣ ಸ್ಟಾರ್ಟ್ ಮಾಡಿಸಬೇಡ. ಮೊದಲು ಸುಮ್ನೆ ಹತ್ತಿ ಕೂತುಕೋ. ಹ್ಯಾಂಡಲ್ ಅನ್ನು ಎಡಕ್ಕೆ ಪೂರ್ತಿ ತಿರುಗಿಸು, ಆಮೇಲೆ ಬಲಕ್ಕೆ. ಪೂರ್ತಿ ತಿರುಗಿದಾಗಲೂ ಎರಡು ಕೈಗೂ ಬ್ರೇಕ್ ಸಿಗಬೇಕು, ಹೆಬ್ಬೆರಳು ಆಕ್ಸಿಲರೇಟರ್ ಮೇಲೇ ಇರಬೇಕು. ಬೆನ್ನು ಬಗ್ಗಿಸಿ ಎಟುಕಿಸಿಕೊಳ್ಳುವ ಹಾಗಿದ್ದರೆ ಗಾಡಿ ನಿನಗೆ ದೊಡ್ಡದು. ಕಾಲು ಇಡುವ ಜಾಗದ ಮೇಲೆ ಎದ್ದು ನಿಲ್ಲು. ಸೀಟಿಗೂ ನಿನಗೂ ಮಧ್ಯೆ ಮೂರರಿಂದ ಆರು ಇಂಚು ಜಾಗ ಇರಬೇಕು. ಇದನ್ನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಕ್ವಾಡ್ ಓಡಿಸುವುದು ಮೈಯಿಂದ. ರೀಕಾನ್‌ನಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಸರಳಿಗೆ, ಅಂದರೆ ಆಕ್ಸಲ್‌ಗೆ, ಬಿಗಿಯಾಗಿ ಕೂತಿರುತ್ತವೆ. ಕಾರಿನ ಹಾಗೆ ತಿರುವಿನಲ್ಲಿ ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗುವುದಿಲ್ಲ. ನೀನೇ ಮೈ ವಾಲಿಸಿ ಅದನ್ನು ತಿರುಗಿಸಬೇಕು. ಗಾಡಿ ದೊಡ್ಡದಾದರೆ ನಿನ್ನ ಮೈ ಭಾರ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಎಂಜಿನ್. ತಾತ ನೆನಪಿದ್ದಾರಲ್ವಾ, ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಯಾರು ಕರೆದರೂ ಹೋಗುತ್ತಿದ್ದರು. ಮೈಸೂರಿನ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ, ಅದು 1996ರಲ್ಲಿ ಮುಚ್ಚುವವರೆಗೂ ಕೆಲಸ ಮಾಡಿದವರು. ಚಿಕ್ಕವಳಿದ್ದಾಗ ನಾನೂ ಅವರ ಹಿಂದೆ ಹೋಗುತ್ತಿದ್ದೆ. ಅಗ್ರಹಾರದಲ್ಲೋ ನಜರಬಾದಿನಲ್ಲೋ ಯಾರದೋ ಮನೆ ಮುಂದೆ ಗಾಡಿ ಒರೆಸಿ ನಿಲ್ಲಿಸಿರುತ್ತಿದ್ದರು. ತಾತ ಬಣ್ಣ ನೋಡುತ್ತಿರಲಿಲ್ಲ, ಮೀಟರ್ ನೋಡುತ್ತಿರಲಿಲ್ಲ. ಮಾತಾಡುತ್ತಾ ಬಗ್ಗಿ ಎಂಜಿನ್ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ, "ಒಂದು ಕಾಫಿ ಕುಡಿದು ಬರ್ತೀವಿ" ಅಂತ ಹೊರಟುಬಿಡುತ್ತಿದ್ದರು. ಎರಡು ಗಂಟೆ ಬಿಟ್ಟು ಮತ್ತೆ ಬರುತ್ತಿದ್ದರು. ಬಿಸಿಯಾದ ಎಂಜಿನ್ ಯಾರ ಮಾತನ್ನಾದರೂ ಕೇಳುತ್ತೆ, ತಣ್ಣಗಿರುವಾಗ ಕೇಳಿದರೆ ಅದು ಆರೋಗ್ಯದ ಲಕ್ಷಣ ಅನ್ನುತ್ತಿದ್ದರು.

ನೀನೂ ಹಾಗೇ ಮಾಡು. ರೀಕಾನ್‌ಗೆ ಕಾರ್ಬುರೇಟರ್, ಆದ್ದರಿಂದ ತಣ್ಣಗಿದ್ದಾಗ ಚೋಕ್ ಬೇಕಾಗುತ್ತದೆ, ಅದು ತಪ್ಪಲ್ಲ. ಚೋಕ್ ತೆಗೆದ ಮೇಲೂ ಒಂದೇ ಸಮನೆ ಓಡಬೇಕು. ಆರಂಭದಲ್ಲಿ ಬಿಳಿ ಆವಿ ಬಂದು ಮಾಯವಾದರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ, ಅಲ್ಲಿಗೆ ಬಿಟ್ಟು ಬಾ. ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಕಡ್ಡಿ ಎಳೆದು ನೋಡಿರಬೇಕು. ಕಪ್ಪಾಗಿದ್ದರೆ ಬದಲಾಯಿಸಿಲ್ಲ ಅಷ್ಟೇ. ಹಾಲು ಬೆರೆಸಿದ ಕಾಫಿ ತರಹ ಕಂಡರೆ ಒಳಗೆ ನೀರು ಹೋಗಿದೆ. ಯಾರೋ ಹೊಳೆಯಲ್ಲಿ ಮುಳುಗಿಸಿದ್ದಾರೆ.

ಈಗ ಹೇಳುವುದನ್ನು ಎರಡು ಸಲ ಓದು. ಸೀಟು ತೆಗೆಸು. ಅದರ ಕೆಳಗೆ ಏರ್ ಫಿಲ್ಟರ್ ಡಬ್ಬಿ ಇರುತ್ತದೆ. ಮುಚ್ಚಳ ಬಿಚ್ಚಿ ಫಿಲ್ಟರ್ ಹೊರಗೆ ತೆಗೆ. ಫಿಲ್ಟರ್ ಕೊಳೆಯಾಗಿದ್ದರೆ ಪರವಾಗಿಲ್ಲ, ಅದರ ಕೆಲಸವೇ ಅದು. ನೀನು ನೋಡಬೇಕಾದದ್ದು ಫಿಲ್ಟರ್ ದಾಟಿದ ಮೇಲೆ ಎಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆ. ಅದರೊಳಗೆ ಬೆರಳು ಹಾಕಿ ಒರೆಸು. ಬಿಳಿ ಕರವಸ್ತ್ರ ಸುತ್ತಿಕೊಂಡರೆ ಇನ್ನೂ ಒಳ್ಳೆಯದು. ಬೆರಳಿಗೆ ನುಣ್ಣನೆ ಮಣ್ಣು ಹತ್ತಿದರೆ, ಆ ಮಣ್ಣು ಎಂಜಿನ್ ಒಳಗೂ ಹೋಗಿದೆ. ಪಿಸ್ಟನ್ ಮತ್ತು ಸಿಲಿಂಡರ್ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ ಸವೆದಿರುತ್ತದೆ. ಬೆಲೆ ಎಷ್ಟೇ ಇಳಿಸಲಿ, ತಗೋಬೇಡ.

ಇದು ನನಗೆ ಹೇಗೆ ಗೊತ್ತಾಯಿತು ಅಂತ ನಿನಗೆ ಯಾವತ್ತೂ ಹೇಳಿಲ್ಲ. ನಮ್ಮ ಮೊದಲ ಕ್ವಾಡ್ ಕಣ್ಣು ಕೋರೈಸುವಷ್ಟು ಹೊಳೆಯುತ್ತಿತ್ತು. ಪ್ಲಾಸ್ಟಿಕ್ ಹೊಸದು, ಟೈರಿಗೂ ಕಪ್ಪು ಪಾಲಿಶ್. ನಾವು ಹೋಗುವ ಹೊತ್ತಿಗೆ ಎಂಜಿನ್ ಓಡುತ್ತಲೇ ಇತ್ತು. ತಾತನ ಮಗಳಾಗಿ ನನಗೆ ಅಲ್ಲೇ ಗೊತ್ತಾಗಬೇಕಿತ್ತು. ಹೊಳಪಿಗೆ ಮರುಳಾದೆ, ಮುಚ್ಚಳ ಬಿಚ್ಚಲಿಲ್ಲ. ಮೂರನೇ ಸಲ ಹೋದಾಗ, ಗಿಲ್ಬರ್ಟ್ ಊರಿನ ಹತ್ತಿರ ರಾಕ್‌ಹೌಸ್ ಟ್ರೇಲ್‌ನ ಒಂದು ಏರಿನಲ್ಲಿ ಅದು ನಿಂತುಹೋಯಿತು. ನೀಲಿ ಹೊಗೆ. ಸಂಜೆ ಆಗುತ್ತಿತ್ತು, ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಯಾರೋ ಪುಣ್ಯಾತ್ಮರು ಹಗ್ಗ ಕಟ್ಟಿ ಎಳೆದು ತಂದರು. ಮಾರನೇ ವಾರ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಸಿಲಿಂಡರ್ ತೋರಿಸಿದ. ಉದ್ದುದ್ದ ಗೀರುಗಳು. ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ರಿಪೇರಿಗೇ ಹೋಯಿತು. ದುಡ್ಡಿಗಿಂತ ಆ ಸಂಜೆ ನನಗೆ ಇವತ್ತಿಗೂ ನೆನಪಿದೆ. ನೀನು ಆ ಜಾಗದಲ್ಲಿ ನಿಲ್ಲಬಾರದು.

ಆಮೇಲೆ ಚಕ್ರಗಳು. ಜಾಕ್ ಹಾಕಿ ಒಂದೊಂದಾಗಿ ಎತ್ತಿಸು. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸು. ಚಕ್ರ ಆಡಬಾರದು. ಟಕ್ ಟಕ್ ಅಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಹೋಗಿದೆ. ಹಾಗೇ ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸು, ಹ್ಯಾಂಡಲ್ ತಿರುಗಿಸಿದಾಗ ಚಕ್ರ ತಿರುಗಿಸುವ ಟೈ ರಾಡ್ ಸವೆದಿದ್ದರೆ ಅಲ್ಲಿ ಗೊತ್ತಾಗುತ್ತದೆ. ಇವೆಲ್ಲ ಬದಲಾಯಿಸಬಹುದಾದ ಸಾಮಾನು, ಬೆಲೆ ಇಳಿಸಿಕೊಂಡು ತಗೊಳ್ಳಬಹುದು. ಹಿಂದಿನ ಚಕ್ರ ತಿರುಗಿಸಿ ದೂರದಿಂದ ನೋಡು. ಓಲಾಡುತ್ತಾ ತಿರುಗಿದರೆ ಆಕ್ಸಲ್ ಬೆಂಡಾಗಿರಬಹುದು, ಎಲ್ಲೋ ಜೋರಾಗಿ ಬಿದ್ದಿದೆ. ಟಾರ್ಚ್ ಹಿಡಿದು ಅಡಿಗೆ ಮಲಗಿ ಫ್ರೇಮ್ ನೋಡು. ಒಂದು ಕಡೆ ಮಾತ್ರ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳು. ಫ್ರೇಮಿಗೆ ವೆಲ್ಡಿಂಗ್ ತೇಪೆ ಹಾಕಿದ್ದರೆ ಬೇಡವೇ ಬೇಡ. ಬ್ರೇಕ್ ಹಿಡಿದು ನೋಡು, ರಿವರ್ಸ್ ಹಾಕಿಸಿ ನೋಡು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 1216 ಅಂದರೆ 2016ರ ಹನ್ನೆರಡನೇ ವಾರ. ಅದು ಗಾಡಿ ಜೊತೆ ಬಂದ ಟೈರೇ ಇರಬೇಕು, ಬಿರುಕು ಬಿಟ್ಟಿದ್ದರೆ ಹೊಸದರ ಖರ್ಚು ಲೆಕ್ಕಕ್ಕೆ ಸೇರಿಸಿಕೋ.

ಗಾಡಿ 2016ರದ್ದು ಅಂತ ಅವನು ಹೇಳಿದ್ದಾನಲ್ಲ, ಫ್ರೇಮ್ ಮೇಲೆ ಕೆತ್ತಿರುವ ವಿನ್ ನಂಬರ್, ಅಂದರೆ ಗಾಡಿಯ ಗುರುತಿನ ನಂಬರ್ ನೋಡು. ಹದಿನೇಳು ಅಕ್ಷರ ಇರುತ್ತವೆ. ಹತ್ತನೆಯದು ಜಿ ಆಗಿರಬೇಕು. ಎಫ್ ಆದರೆ 2015, ಎಚ್ ಆದರೆ 2017. ನಂಬರನ್ನು ಉಜ್ಜಿದ್ದರೆ ಮಾತೇ ಬೇಡ, ಅದು ಕದ್ದ ಮಾಲು. ಟೈಟಲ್‌ನಲ್ಲಿ, ಅಂದರೆ ಗಾಡಿ ಯಾರದು ಅನ್ನುವ ಕಾಗದದಲ್ಲಿ, ಇರುವ ಹೆಸರೂ ಮಾರುವವನ ಲೈಸೆನ್ಸಿನ ಹೆಸರೂ ಒಂದೇ ಇರಬೇಕು. ನಮ್ಮ ಓಹಾಯೋದಲ್ಲಿ ಟೈಟಲ್ ಹಿಂದೆ ಅವನು ನೋಟರಿ ಮುಂದೆ ಸಹಿ ಮಾಡಬೇಕು. ಮೊದಲೇ ಸಹಿ ಮಾಡಿಟ್ಟ ಕಾಗದ ಕೊಟ್ಟರೆ ದುಡ್ಡು ಕೊಡಬೇಡ. ಮತ್ತೆ, ಆ ಕಡೆಯ ಹಳೆ ಕೊಟ್ಟಿಗೆಗಳಲ್ಲಿ ಇನ್ನೂ ಮೂರು ಚಕ್ರದ ಗಾಡಿಗಳಿವೆ. ಕಡಿಮೆ ಬೆಲೆಗೆ ಇದನ್ನೇ ತಗೋ ಅಂತ ಯಾರಾದರೂ ತೋರಿಸಬಹುದು. ಅವು ಉರುಳಿ ಎಷ್ಟೋ ಮಕ್ಕಳು ಸತ್ತ ಮೇಲೆ, 1988ರಲ್ಲಿ ಕೋರ್ಟಿನ ಒಪ್ಪಂದವಾಗಿ ಕಂಪನಿಗಳು ಮಾರುವುದನ್ನೇ ನಿಲ್ಲಿಸಿದವು. ಹತ್ತಿರವೂ ಹೋಗಬೇಡ.

ನಿನ್ನ ಹತ್ತಿರ 3,500 ಡಾಲರ್ ಇದೆ, ಅವನು 3,200 ಕೇಳುತ್ತಿದ್ದಾನೆ. 2,800ರಿಂದ ಮಾತು ಶುರು ಮಾಡು. ಉಳಿದದ್ದು ಹೆಲ್ಮೆಟ್, ಗಾಗಲ್, ಕೈಗವಸು, ಪಾದದ ಗಂಟು ಮುಚ್ಚುವ ಬೂಟಿಗೆ. ನಾನು ಹಳೆ ಹೆಲ್ಮೆಟ್ ಕೊಡುವುದಿಲ್ಲ, ಕೇಳಬೇಡ. ಯಾವತ್ತೋ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಜಜ್ಜಿಹೋಗಿರುತ್ತದೆ. ಇಂಥ ಗಾಡಿಗೆ ಎಟಿವಿ ಅಂತಲೂ ಅನ್ನುತ್ತಾರೆ. ಎಟಿವಿ ಸೇಫ್ಟಿ ಇನ್‌ಸ್ಟಿಟ್ಯೂಟ್‌ನವರ ಕೋರ್ಸ್ ಇದೆ, ಮೈದಾನದಲ್ಲಿ ಗಾಡಿ ಮೇಲೆ ಕೂರಿಸಿ ಕಲಿಸುತ್ತಾರೆ. ಅಕ್ಟೋಬರ್‌ಗೆ ಮೊದಲು ಅದು ಮುಗಿದಿರಬೇಕು. ಇದೊಂದು ವಿಷಯದಲ್ಲಿ ನನ್ನ ಹತ್ತಿರ ವಾದ ಬೇಡ ಕಣೇ.

ಅಲ್ಲಿ ಅವರು ಮೊದಲು ಹೇಳುವುದು ಏನು ಗೊತ್ತಾ? ಕಾಲು ಕೆಳಗೆ ಇಡಬೇಡ ಅಂತ. ನಿಮ್ಮಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಚಾಮುಂಡಿ ಬೆಟ್ಟಕ್ಕೆ ಯೆಜ್ಡಿ ಓಡಿಸಿದ ಅಭ್ಯಾಸ. ಬೈಕು ವಾಲಿದರೆ ಕಾಲು ತಾನಾಗಿಯೇ ನೆಲಕ್ಕೆ ಹೋಗುತ್ತದೆ. ಕ್ವಾಡ್‌ನಲ್ಲಿ ಹಾಗೆ ಇಟ್ಟ ಕಾಲಿನ ಮೇಲೆ ಹಿಂದಿನ ಚಕ್ರ ಹತ್ತುತ್ತದೆ. ಅವರ ಮೀನಖಂಡದ ಮೇಲೆ ಹತ್ತಿತು. ಗಟ್ಟಿ ಬೂಟು ಹಾಕಿದ್ದರಿಂದ ಮೂಳೆ ಉಳಿಯಿತು. ಈಗಲೂ ಚಳಿಗಾಲದಲ್ಲಿ ಅವರು ಆ ಕಾಲನ್ನು ಉಜ್ಜಿಕೊಳ್ಳುವುದನ್ನು ನೀನು ನೋಡಿದ್ದೀಯ, ಕಾರಣ ಕೇಳಿಲ್ಲ. ನೀನೂ ಆಕ್ಟಿವಾದಲ್ಲಿ ಕಲಿತವಳು. ನಿನ್ನ ಕಾಲಿಗೂ ಅದೇ ಅಭ್ಯಾಸ ಇರುತ್ತದೆ.

ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡ. ಸೀಟು ಉದ್ದ ಇರುವುದು ನೀನು ಹಿಂದೆ ಮುಂದೆ ಸರಿಯುವುದಕ್ಕೆ. ಆ ಟ್ರೇಲ್‌ನಲ್ಲಿ ಒಂಟಿ ಸವಾರಿಯ ಗಾಡಿ ಮೇಲೆ ಇಬ್ಬರು ಕೂರುವುದಕ್ಕೆ ಬಿಡುವುದೂ ಇಲ್ಲ. ಡಾಂಬರು ರಸ್ತೆಯಲ್ಲಿ ಸುಮ್ನೆ ಓಡಿಸಿ ನೋಡೋಣ ಅಂತಲೂ ಮಾಡಬೇಡ. ಈ ಟೈರಿನಲ್ಲಿ ಗಾಳಿ ಬರೀ 3 ಪಿಎಸ್‌ಐ ಹತ್ತಿರ ಇರುತ್ತದೆ, ಗಟ್ಟಿ ರಸ್ತೆಯಲ್ಲಿ ಹೇಳಿದ ಮಾತು ಕೇಳುವುದಿಲ್ಲ.

ಶನಿವಾರ ನಾನೇ ಬರುತ್ತೇನೆ. ನೀನು ಸಿನ್ಸಿನಾಟಿಯಿಂದ ಹೊರಡು, ನಾನು ಕೊಲಂಬಸ್‌ನಿಂದ ಹೊರಡುತ್ತೇನೆ, ಚಿಲಿಕಾಥಿಯಲ್ಲಿ ಸಿಗೋಣ. ಜಾಕ್, ಟಾರ್ಚ್, ಕಡಿಮೆ ಗಾಳಿ ಅಳೆಯುವ ಗೇಜ್ ನಾನು ತರುತ್ತೇನೆ. ನೀನು ಒಂದು ಬಿಳಿ ಕರವಸ್ತ್ರ ತಾ. ಮತ್ತೆ ಇವತ್ತೇ ಅವನಿಗೆ ಫೋನ್ ಮಾಡಿ ಹೇಳಿಬಿಡು, ನಾವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ.

ನಿನ್ನ
ಅಮ್ಮ