ಕಡ್ಲೆಕಾಯಿ, ಗೆಣಸು, ಬೆಂಡೆಕಾಯಿ ಇನ್ಮೇಲೆ ಬೇರೆ ಕಡೆಯಿಂದ

ಎಲ್ಲರಿಗೂ ನಮಸ್ಕಾರ,

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡರ್ಹಮ್, ಕ್ಯಾರಿ, ಮಾರಿಸ್‌ವಿಲ್ ಕಡೆಯಿಂದ ನಮ್ಮ ಅಂಗಡಿಗೆ ಬರೋ ನಿಮಗೆಲ್ಲ ಒಂದೇ ಸಲ ತಿಳಿಸೋಣ ಅಂತ ಈ ಪತ್ರ, ಕೌಂಟರಲ್ಲಿ ಒಬ್ಬೊಬ್ಬರಿಗೂ ಹೇಳ್ತಾ ಕೂತ್ರೆ ಬಿಲ್ಲಿಂಗ್ ಲೈನ್ ಬಾಗಿಲು ದಾಟುತ್ತೆ. ಈ ಸೆಪ್ಟೆಂಬರ್‌ನಿಂದ ಕಡ್ಲೆಕಾಯಿ, ಗೆಣಸು, ಸೀಸನ್ ಇರೋವರೆಗೆ ಬೆಂಡೆಕಾಯಿ, ಈ ಮೂರನ್ನೂ ಡಿಸ್ಟ್ರಿಬ್ಯೂಟರ್ ಹತ್ರ ತಗೊಳ್ಳದೆ ಹ್ಯಾಲಿಫ್ಯಾಕ್ಸ್ ಕೌಂಟಿ ಕಡೆಯ ಬ್ಲ್ಯಾಕ್ ರೈತರ ಹತ್ರಾನೇ ನೇರವಾಗಿ ತಗೋತೀವಿ. ಅಂಗಡಿ ಅಕೌಂಟೂ ಬ್ಲ್ಯಾಕ್ ಜನರೇ ಕಟ್ಟಿದ ಮೆಕ್ಯಾನಿಕ್ಸ್ ಅಂಡ್ ಫಾರ್ಮರ್ಸ್ ಬ್ಯಾಂಕಿಗೆ ಹೋಗಿದೆ. ಗೆಣಸಿನ ರೇಟು ಸ್ವಲ್ಪ ಜಾಸ್ತಿ ಆಗುತ್ತೆ, ಅದನ್ನ ಮುಚ್ಚಿಡಲ್ಲ.

ಯಾಕೆ ಈ ಉಸಾಬರಿ ಅಂತೀರಾ? ನಾವೆಲ್ಲ ದಿನಾ ಓಡಾಡೋ 147 ಹೈವೇ ಇದೆಯಲ್ಲ, ಅದು ಡರ್ಹಮ್‌ನ ಹೇಟೈ ಅನ್ನೋ ಪೇಟೆಯನ್ನ ಸೀಳ್ಕೊಂಡು ಹೋಗಿರೋದು, ಕಟಿಂಗ್ ಶಾಪು, ಹೋಟ್ಲು, ಥಿಯೇಟರು ಹೆಚ್ಚಾಗಿ ಬ್ಲ್ಯಾಕ್ ಜನರದ್ದೇ ಇದ್ದ ಜಾಗ, ಅಭಿವೃದ್ಧಿ ಅಂತ ಹೇಳಿ ನೂರಾರು ಅಂಗಡಿ ಕೆಡವಿದ್ರು. ಆ ಪೇಟೆ ಎದ್ದಿದ್ದು ಹೊರಗಿನವರ ದುಡ್ಡಿಂದಲ್ಲ. ಗುಲಾಮಗಿರಿಯಲ್ಲೇ ಹುಟ್ಟಿ ಆಮೇಲೆ ಕ್ಷೌರದಂಗಡಿ ಇಟ್ಟ ಜಾನ್ ಮೆರಿಕ್, ಡಾಕ್ಟರ್ ಆರನ್ ಮೂರ್ ಮತ್ತೆ ಕೆಲವರು ಸೇರಿ 1898ರಲ್ಲಿ ಇನ್ಶೂರೆನ್ಸ್ ಕಂಪನಿ ಶುರು ಮಾಡಿದ್ರು, 1907ರಲ್ಲಿ ಈ ಬ್ಯಾಂಕ್ ಆಯ್ತು. ಕಂಪನಿ ಬೆಳೆಸಿದ ಸಿ. ಸಿ. ಸ್ಪಾಲ್ಡಿಂಗ್ ಅದಕ್ಕೆ ಮುಂಚೆ ನಡೆಸ್ತಿದ್ದಿದ್ದು ದಿನಸಿ ಅಂಗಡಿ, ಅದು ಮುಳುಗಿ ಸಾಲ ಅವರ ತಲೆ ಮೇಲೆ ಬಂತಂತೆ (ನಾವೂ ದಿನಸಿಯವರೇ, ಓದಿ ಎದೆ ಧಸಕ್ ಅಂತು). ಬೇರೆ ಬ್ಯಾಂಕುಗಳು ಬ್ಲ್ಯಾಕ್ ಜನರನ್ನ ಬಾಗಿಲಲ್ಲೇ ವಾಪಸ್ ಕಳಿಸ್ತಿದ್ದ ಕಾಲದಲ್ಲಿ ಈ ಬ್ಯಾಂಕು ಮನೆಗೆ, ಜಮೀನಿಗೆ, ಅಂಗಡಿಗೆ ಸಾಲ ಕೊಟ್ಟಿದೆ. ಅಂಗಡಿ ದುಡ್ಡು ಎಲ್ಲೋ ಒಂದು ಕಡೆ ಇರ್ಲೇಬೇಕು, ಅಲ್ಲೇ ಇರ್ಲಿ.

ರೈತರ ಕತೆ ಇನ್ನೂ ಕಷ್ಟದ್ದು. 1920ರಲ್ಲಿ ಅಮೆರಿಕದಲ್ಲಿ 9 ಲಕ್ಷಕ್ಕೂ ಹೆಚ್ಚು ಬ್ಲ್ಯಾಕ್ ರೈತರಿದ್ರು, ಈಗ 50 ಸಾವಿರಾನೂ ಇಲ್ಲ. ಸರ್ಕಾರದ ಕೃಷಿ ಸಾಲ ಇವರಿಗೆ ಸಿಗ್ತಿರಲಿಲ್ಲ, ಸಿಕ್ಕರೂ ಲೇಟು, ಬಿತ್ತನೆ ಮುಗಿದ ಮೇಲೆ ಸಾಲ ಬಂದ್ರೆ ಏನಾಗುತ್ತೆ ಅಂತ ಊರಲ್ಲಿ ಹೊಲ ಇರೋರಿಗೆ ಬಿಡಿಸಿ ಹೇಳ್ಬೇಕಿಲ್ಲ. ಇದರ ವಿರುದ್ಧ ಕೋರ್ಟಿಗೆ ಹೋದ ಟಿಮೊಥಿ ಪಿಗ್‌ಫರ್ಡ್ ಇದೇ ರಾಜ್ಯದ ರೈತ, 1999ರಲ್ಲಿ ರಾಜಿ ಆಗಿ ಪರಿಹಾರ ಬಂತು, ಆದ್ರೆ ಅಷ್ಟೊತ್ತಿಗೆ ಎಷ್ಟೋ ಜನರ ಜಮೀನು ಕೈಬಿಟ್ಟು ಹೋಗಿತ್ತು. ಈಗ ಅವರಿಗೆ ಬೇಕಾಗಿರೋದು ವಾರವಾರ ತಪ್ಪದೆ ತಗೊಳ್ಳೋ ಗಿರಾಕಿ. ನಮಗೂ ಸ್ವಾರ್ಥ ಇದೆ, ಬೆಂಡೆಕಾಯಿ ಕಿತ್ತ ಮರುದಿನವೇ ಅಂಗಡಿಗೆ ಬರುತ್ತೆ, ತುದಿ ಮುರಿದ್ರೆ ಟಕ್ ಅನ್ನುತ್ತೆ.

ಗೆಣಸು ಕವಿಂಗ್ಟನ್ ತಳಿ, ಒಳಗೆ ಕಿತ್ತಳೆ ಬಣ್ಣ, ನಮ್ಮೂರಿನ ಗೆಣಸಿಗಿಂತ ಬೇಗ ಮೆತ್ತಗಾಗುತ್ತೆ. ಹುಳಿಗಾದ್ರೆ ಕೊನೆಗೆ ಹಾಕಿ, ಹೋಳಿಗೆ ಹೂರಣಕ್ಕೆ ಬೆಲ್ಲ ಕಮ್ಮಿ ಸಾಕು. ಹಸಿ ಕಡ್ಲೆಕಾಯಿ ದಪ್ಪ ಬೀಜದ್ದು, ಇಲ್ಲಿಯವರೂ ಉಪ್ಪು ಹಾಕಿ ಬೇಯಿಸಿ ತಿಂತಾರೆ. ಜಾಸ್ತಿ ದಿನ ಇಟ್ರೆ ಬೂಸ್ಟು ಹಿಡಿಯುತ್ತೆ, ಬೇಕಾದಷ್ಟೇ ತಗೊಳ್ಳಿ.

ದಸರಾ ಆರ್ಡರಿಗೆ ಅಡ್ವಾನ್ಸ್ ಹಾಕೋರು ಹಳೇ ಅಕೌಂಟಿಗೆ ಹಾಕ್ಬೇಡಿ, ಹೊಸ ನಂಬರ್ ಕೌಂಟರಲ್ಲಿ ಕೇಳಿ ತಗೊಳ್ಳಿ. ಚೆಕ್ ಮೊದಲಿನ ಹಾಗೆ ಅಂಗಡಿಯ ಅದೇ ಹೆಸರಿಗೆ ಬರೆದ್ರೆ ಸಾಕು. ತೊಂಡೆಕಾಯಿ, ಹೀರೆಕಾಯಿ ಎಂದಿನ ಹಾಗೆ ಶುಕ್ರವಾರ ಸಂಜೆ ಬರುತ್ತೆ.

ಇಂತಿ,
ನಿಮ್ಮ ಅಂಗಡಿಯವರು